ಒಂಬತ್ತು ಒತ್ತಿ, ಒತ್ತುತ್ತಲೇ ಇರಿ

ನಮ್ಮ ಕಾರ್ಖಾನೆಯ ಫೋನ್ ಬಿಲ್ಲು ಇಳಿದಿದೆ. ಎಪ್ಪತ್ತು ಪರ್ಸೆಂಟ್. ನೋಟೀಸ್ ಬೋರ್ಡಿನಲ್ಲಿ ಬಣ್ಣದ ಪ್ರಿಂಟು ಅಂಟಿಸಿದ್ದಾರೆ. ಕೆಂಪು ಬಾಣವೊಂದು ಮೇಲಿನಿಂದ ಕೆಳಕ್ಕೆ ಇಳಿದಿದೆ. ಪಕ್ಕದಲ್ಲಿ ಎಂ.ಡಿ. ಸಾಹೇಬರ ನಗುವ ಫೋಟೊ.

ಬಾಣ ಇಳಿದು ಯಾರಿಗೆ ಚುಚ್ಚಿತು ಎಂದು ಬೋರ್ಡಿನಲ್ಲಿ ಬರೆದಿಲ್ಲ. ನಾನು ಬರೆಯುತ್ತೇನೆ.

ಕಾರ್ಖಾನೆಯ ಹೆಸರು ಹೇಳುವುದಿಲ್ಲ. ಸಂಬಳ ಇನ್ನೂ ಅಲ್ಲಿಂದಲೇ ಬರಬೇಕು. ಊರು ಹೇಳಬಹುದು: ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತು. ಕಲಬುರಗಿ ಜಿಲ್ಲೆಯ ಚಿಂಚೋಳಿ ಎಂದುಕೊಂಡು ಆ ಕಡೆ ಹೊರಡಬೇಡಿ. ಇದು ಸೊಲ್ಲಾಪುರದಿಂದ ಪುಣೆ ಹೆದ್ದಾರಿ ಹಿಡಿದರೆ ಸಿಗುವ ಚಿಂಚೋಳಿ. ಮರಾಠಿಯಲ್ಲಿ ಚಿಂಚ ಎಂದರೆ ಹುಣಸೆ. ಹುಣಸೆಯ ನೆರಳು ನಾನಂತೂ ಕಂಡಿಲ್ಲ. ತಗಡಿನ ಶೆಡ್ಡುಗಳನ್ನು ಕಂಡಿದ್ದೇನೆ. ಒಂದು ಶೆಡ್ಡಿನಲ್ಲಿ ನಾವು ಟಾವೆಲ್ ನೇಯುತ್ತೇವೆ. ನಾನು ಸ್ಟೋರಿನಲ್ಲಿ ನೂಲು, ಬಣ್ಣ, ಬೇರಿಂಗು ಎಣಿಸುತ್ತೇನೆ. ಎಣಿಸುವುದೇ ಕಸುಬಾದವನಿಗೆ ಎಪ್ಪತ್ತು ಪರ್ಸೆಂಟ್ ಎಂದರೆ ಸುಮ್ಮನೆ ಕೂರಲು ಆಗುವುದಿಲ್ಲ.

ಕಳೆದ ವರ್ಷ ಪುಣೆಯಿಂದ ಒಬ್ಬ ಕನ್ಸಲ್ಟಂಟ್ ಬಂದ. ಸಂಸ್ಥೆಯ ದೂರವಾಣಿ ವೆಚ್ಚ ತಗ್ಗಿಸುವುದು, ಜಾಲ ಸುಧಾರಿಸುವುದು ಅವನ ಕೆಲಸ. ಎರಡು ದಿನ ಇದ್ದ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಹೊಗಳಿದ. ಹೋಗುವಾಗ ಒಂದು ಸೊಲ್ಲಾಪುರಿ ಚಾದರ ಹೊದಿಸಿ ಕಳಿಸಿದರು. ನಡುವೆ ಎಷ್ಟೋ ಹೊತ್ತು ಆಪರೇಟರ್ ಅಕ್ಕನ ಕೋಣೆಯಲ್ಲಿ ಕುಳಿತಿದ್ದ.

ಆ ಅಕ್ಕನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಗೇಟಿನ ಪಕ್ಕದ ಸಣ್ಣ ಕೋಣೆ. ಕರೆ ತಿರುಗಿಸುವ ಒಂದು ಇಪಿಎಬಿಎಕ್ಸ್ ಪೆಟ್ಟಿಗೆ, ಒಂದು ಫ್ಯಾನು, ಸಿದ್ಧರಾಮೇಶ್ವರನ ಕ್ಯಾಲೆಂಡರು. ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿಯೇ ಕುಳಿತವಳು. ಕನ್ನಡ, ಮರಾಠಿ, ಹಿಂದಿ, ತೆಲುಗು ನಾಲ್ಕರಲ್ಲೂ "ಸ್ವಲ್ಪ ತಡೀರಿ" ಎನ್ನಬಲ್ಲವಳು. ಸೊಲ್ಲಾಪುರದಲ್ಲಿ ಅದು ಪಾಂಡಿತ್ಯ ಅಲ್ಲ, ಹೊಟ್ಟೆಪಾಡು. ನೇಕಾರ ತೆಲುಗು, ಹಮಾಲ ಕನ್ನಡ, ಗುಮಾಸ್ತ ಮರಾಠಿ, ವ್ಯಾಪಾರಿ ಹಿಂದಿ. ನಾಲ್ವರನ್ನೂ ಒಂದೇ ತಂತಿಗೆ ಕಟ್ಟಿದವಳು ಅಕ್ಕ.

ಅವಳ ಬಳಿ ಒಂದು ಉದ್ದ ರಿಜಿಸ್ಟರ್ ಇತ್ತು. ರಟ್ಟು ಹರಿದಿತ್ತು. ಒಳಗೆ ಯಾವ ಲೈನು ಯಾವ ದಿನ ಸತ್ತಿತು ಎಂಬುದೆಲ್ಲ ಬರೆದಿತ್ತು. ಹೆದ್ದಾರಿ ಕಡೆ ಜೆಸಿಬಿ ಅಗೆದಾಗ ಕೇಬಲ್ ಕಡಿದು ನಾಲ್ಕು ಲೈನು ಹೋದವು. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಹೊಕ್ಕು ಮತ್ತೆ ಮೂರು. ಹಳೆಯ ಫ್ಯಾಕ್ಸ್ ಲೈನುಗಳು ಎರಡು. ಫ್ಯಾಕ್ಸ್ ಯಂತ್ರ ಗುಜರಿಗೆ ಹೋಗಿ ಯಾವುದೋ ಕಾಲವಾಗಿತ್ತು. ಒಟ್ಟು ಒಂಬತ್ತು. ಒಂಬತ್ತಕ್ಕೂ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೆವು. ಸತ್ತವರಿಗೆ ವರ್ಷಕ್ಕೊಮ್ಮೆ ಪಿಂಡ ಇಡುತ್ತಾರೆ. ನಮ್ಮ ಅಕೌಂಟ್ಸ್ ವಿಭಾಗ ತಿಂಗಳಿಗೊಮ್ಮೆ ಇಡುತ್ತಿತ್ತು.

ಅಕ್ಕ ಎಷ್ಟು ಸಲ ಹೇಳಿದ್ದಳು ಎಂಬುದಕ್ಕೆ ನಾನೇ ಸಾಕ್ಷಿ. "ಸಾಹೇಬ್ರ, ಈ ಲೈನ್ ಸತ್ತು ಎಂಟ್ ವರ್ಷ ಆತ್ರಿ. ಕಟ್ ಮಾಡ್ಸ್ರಿ ಅಂತ ಅವಾಗಿಂದ ಹೇಳ್ಲಿಕತ್ತೀನಿ." ಸಾಹೇಬರು ಫೈಲಿನಲ್ಲಿ ಹಾಕು ಎನ್ನುತ್ತಿದ್ದರು. ಅಕ್ಕ ಹಾಕುತ್ತಿದ್ದಳು. ಫೈಲು ದಪ್ಪವಾಗುತ್ತಿತ್ತು.

ಇನ್ನೊಂದು ಲೆಕ್ಕ ಅದೇ ರಿಜಿಸ್ಟರಿನಲ್ಲಿತ್ತು. ನಮ್ಮಲ್ಲಿ ಎರಡು ಪಿಆರ್‌ಐ ಲೈನುಗಳಿದ್ದವು. ಒಂದು ಪಿಆರ್‌ಐನಲ್ಲಿ ಏಕಕಾಲಕ್ಕೆ 30 ಮಂದಿ ಮಾತಾಡಬಹುದು. ಎರಡರಲ್ಲಿ 60. ಆಫೀಸಿನಲ್ಲಿ ಇರುವ ಕುರ್ಚಿಗಳೇ ಇಪ್ಪತ್ತೆರಡು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅಂದರೆ ಎಲ್ಲರೂ ಚಹಾ ಕುಡಿದು ಕೆಲಸಕ್ಕೆ ಕುಳಿತ ಹೊತ್ತಿಗೆ, ಎಷ್ಟು ಲೈನಿನ ದೀಪ ಒಟ್ಟಿಗೆ ಉರಿಯುತ್ತವೆ ಎಂದು ಅಕ್ಕ ದಿನವೂ ಗೀಟು ಎಳೆದು ಎಣಿಸಿದ್ದಳು. ಎಂಟು ದಾಟಿದ್ದಿಲ್ಲ. ಎರಡನೆಯ ಪಿಆರ್‌ಐ ಯಾಕೆ ಬಂತು? ಹಿಂದೊಬ್ಬ ಕನ್ಸಲ್ಟಂಟ್ ಬಂದಿದ್ದ. ಜಾಲ ಸುಧಾರಿಸಲು.

ಈ ಸಲದ ಕನ್ಸಲ್ಟಂಟ್ ಜಾಣ. ರಿಜಿಸ್ಟರಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. ಅಕ್ಕ ಅವನಿಗೆ ಚಹಾ ತರಿಸಿಕೊಟ್ಟಳು. ಅರ್ಥವಾಗದ ಗೀಟುಗಳನ್ನು ಬಿಡಿಸಿ ಹೇಳಿದಳು. ತಿಂಗಳ ನಂತರ ಕಾನ್ಫರೆನ್ಸ್ ಹಾಲಿನಲ್ಲಿ ಪರದೆ ಇಳಿಸಿ ಅವನು ತೋರಿಸಿದ್ದು ಅವೇ ಗೀಟುಗಳನ್ನು. ಈಗ ಅವು ನೀಲಿ ಕಂಬಗಳಾಗಿದ್ದವು. ಕೆಳಗೆ ಅವನ ಕಂಪನಿಯ ಲಾಂಛನ.

ಸಾಹೇಬರು ಚಪ್ಪಾಳೆ ತಟ್ಟಿದರು. ಒಂಬತ್ತು ಸತ್ತ ಲೈನು ಪತ್ತೆ ಹಚ್ಚಿದ ಎಂದು. ಎಂಟು ವರ್ಷದ ಫೈಲು ಪಕ್ಕದ ಕಪಾಟಿನಲ್ಲೇ ಇತ್ತು.

ಆಮೇಲೆ ಅವನ ಶಿಫಾರಸು ಓದಿದ. ಮೊದಲನೆಯದು: ಆಪರೇಟರ್ ಹುದ್ದೆ ಅನಗತ್ಯ.

ಆ ತಿಂಗಳ ಕೊನೆಗೆ ಅಕ್ಕನಿಗೂ ಶಾಲು ಹೊದಿಸಿದರು. ಚಾದರ ಅಲ್ಲ, ಶಾಲು. ಚಾದರಕ್ಕೆ ಖರ್ಚು ಜಾಸ್ತಿ.

ಅವಳ ಕುರ್ಚಿಗೆ ಒಂದು ದನಿ ಬಂದು ಕುಳಿತಿದೆ. ಐವಿಆರ್ ಅಂತೆ. "ನಮ್ಮ ಸಂಸ್ಥೆಗೆ ನಿಮಗೆ ಸ್ವಾಗತ. ಇಂಗ್ಲಿಷಿಗೆ ಒಂದು, ಹಿಂದಿಗೆ ಎರಡು, ಮರಾಠಿಗೆ ಮೂರು ಒತ್ತಿ." ಕನ್ನಡಕ್ಕೆ ಸಂಖ್ಯೆ ಇಲ್ಲ. ತೆಲುಗಿಗೂ ಇಲ್ಲ. ಕೇಳಿದರೆ ಭಾಷೆಗೊಂದು ಚಾರ್ಜಂತೆ. ಶೆಡ್ಡಿನೊಳಗೆ ಅರ್ಧಕ್ಕರ್ಧ ಜನ ಆ ಎರಡು ಭಾಷೆಯವರು. ಅವರು ಟಾವೆಲ್ ನೇಯಬಹುದು. ಅವರ ಮನೆಯವರು ಫೋನ್ ಹಚ್ಚಬಾರದು.

ಹಚ್ಚಿದ ಒಬ್ಬರ ಕತೆ ಹೇಳುತ್ತೇನೆ. ರಾತ್ರಿ ಪಾಳಿಯ ಹುಡುಗ, ಅಕ್ಕಲಕೋಟೆ ತಾಲ್ಲೂಕಿನವನು. ಹೆಂಡತಿಗೆ ದಿನ ತುಂಬಿತ್ತು. ರಾತ್ರಿ ಹನ್ನೊಂದಕ್ಕೆ ನೋವು ಕಾಣಿಸಿಕೊಂಡಿತು. ಅವನ ಮೊಬೈಲು ಲಾಕರಿನಲ್ಲಿ. ಹೊರಗಿದ್ದರೂ ತಗಡಿನೊಳಗೆ ರೇಂಜ್ ಇಲ್ಲ. ಮಾವ ಕಾರ್ಖಾನೆಯ ನಂಬರಿಗೆ ಫೋನ್ ಹಚ್ಚಿದ್ದಾನೆ. ಅಕ್ಕ ಇದ್ದಾಗ ರಾತ್ರಿ ವಾಚ್‌ಮನ್ ಕೋಣೆಗೆ ಲೈನ್ ತಿರುಗಿಸಿ ಮನೆಗೆ ಹೋಗುತ್ತಿದ್ದಳು. ವಾಚ್‌ಮನ್ ಓಡಿ ಹೋಗಿ ಕರೆಯುತ್ತಿದ್ದ. ಈಗ ಓಡುವುದಕ್ಕೆ ಯಾರೂ ಇಲ್ಲ, ಒತ್ತುವುದಕ್ಕೆ ಸಂಖ್ಯೆಗಳಿವೆ.

ಮರುದಿನ ಮಾವನೇ ಗೇಟಿಗೆ ಬಂದಿದ್ದ. ಕೈಯಲ್ಲಿ ಪೇಢೆ ಡಬ್ಬಿ, ಬಾಯಲ್ಲಿ ಬೆಂಕಿ. "ಒಂಬತ್ತ ಒತ್ತು ಅಂತು, ಒತ್ತಿದೆ. ಹಾಡ ಹಾಕ್ತು. ಮತ್ತ ಒಂಬತ್ತ ಒತ್ತು ಅಂತು. ಒತ್ತಿದೆ. ಕೂಸು ಹುಟ್ಟಿ, ಅತ್ತು, ಹಾಲು ಕುಡಿದು ಮಲಗ್ತು. ನಿಮ್ಮ ಫ್ಯಾಕ್ಟ್ರಿ ಇನ್ನಾ ಹಾಡೇ ಹಚ್ಚಿತ್ತಲ್ರಿಪಾ!"

ಎಚ್.ಆರ್. ಸಾಹೇಬರು ಪೇಢೆ ತಿಂದರು. ಒಂಬತ್ತು ಎಂದರೆ ಮೆನುವನ್ನು ಮತ್ತೆ ಕೇಳಲು ಎಂದು ತಿಳಿಸಿ ಹೇಳಿದರು. ಮರಾಠಿಯಲ್ಲಿ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ ಬಿಡಿ. ಫೋನಿನ ವಿಷಯದಲ್ಲಿ ಬೈಸಿಕೊಳ್ಳುವ ಯೋಗ ಈ ಸೀಮೆಗೆ ಮೊದಲಿನಿಂದ ಇದೆ. 1980ರಲ್ಲಿ ಗುಲ್ಬರ್ಗಾದ ಲೋಕಸಭಾ ಸೀಟನ್ನು ಧರ್ಮಸಿಂಗ್ ಬಿಟ್ಟುಕೊಟ್ಟರು, ಕೇರಳದ ಸಿ.ಎಂ. ಸ್ಟೀಫನ್ ಅಲ್ಲಿಂದ ಗೆದ್ದರು. ಇಂದಿರಾ ಗಾಂಧಿ ಸರ್ಕಾರದಲ್ಲಿ ಸಂಪರ್ಕ ಖಾತೆ ಪಡೆದರು. ಫೋನುಗಳು ಕೆಟ್ಟು ಕೂತಿವೆ ಎಂದು ಸಂಸತ್ತಿನಲ್ಲಿ ಗೋಳಿಟ್ಟವರಿಗೆ ಅವರು ಕೊಟ್ಟ ಉತ್ತರ ಇವತ್ತಿಗೂ ಪ್ರಸಿದ್ಧ. ಫೋನು ಹಕ್ಕಲ್ಲ, ಐಷಾರಾಮ. ಬೇಡವಾದವರು ವಾಪಸ್ ಕೊಡಲಿ, ಬೇಕೆನ್ನುವವರ ಸಾಲು ವರ್ಷಗಟ್ಟಲೆ ಉದ್ದವಿದೆ ಎಂಬ ಅರ್ಥದ ಮಾತು. ಗುಲ್ಬರ್ಗಾದ ಮತದಾರ ಅಂಥ ಸಂಪರ್ಕ ಸಚಿವರನ್ನು ದಿಲ್ಲಿಗೆ ಕೊಟ್ಟ. ತನ್ನ ಊರಿಗೆ ಟ್ರಂಕ್ ಕಾಲ್ ಸಿಗಲು ಮಾತ್ರ ಅರ್ಧ ದಿನ ಕಾಯುತ್ತಿದ್ದ.

ಒಂದು ಮಾತು ಒಪ್ಪಬೇಕು. ಸ್ಟೀಫನ್ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಈಗಿನವರು ಅದನ್ನೇ ಹೇಳಲು ಮಧುರ ದನಿಯ ಹುಡುಗಿಯನ್ನು ಇಟ್ಟಿದ್ದಾರೆ. "ನಿಮ್ಮ ಕರೆ ನಮಗೆ ಅಮೂಲ್ಯ."

ಅದೇ ದಶಕದಲ್ಲಿ ಕೆಲಸ ಮಾಡಿದವರೂ ಇದ್ದರು. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು. 1986ರಲ್ಲಿ ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂದು ಕುಳಿತದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. 128 ಲೈನಿನ ಪೆಟ್ಟಿಗೆ. ನಮ್ಮ ಧೂಳು, ನಮ್ಮ ಬಿಸಿಲು ಗೊತ್ತಿದ್ದವರು ಮಾಡಿದ್ದು. ಎ.ಸಿ. ಇಲ್ಲದೆ ನಡೆಯಬೇಕು ಎಂದೇ ಅದನ್ನು ರೂಪಿಸಿದ್ದರು.

ನಮ್ಮ ಕಾರ್ಖಾನೆಯ ಹೊಸ ವ್ಯವಸ್ಥೆಗೆ ಎ.ಸಿ. ಬೇಕು. ಕ್ಲೌಡ್ ಅಂತೆ. ಎಲ್ಲಾ ಮೋಡದಲ್ಲಿದೆ ಎಂದು ಕನ್ಸಲ್ಟಂಟ್ ಹೇಳಿದ. ಹಾಗಾದರೆ ಅಕ್ಕನ ಕೋಣೆಯಲ್ಲಿ ಗುಂಯ್‌ಗುಟ್ಟುವ ಆ ಕಪ್ಪು ಪೆಟ್ಟಿಗೆ ಏನು ಎಂದು ಕೇಳಿದೆ. ಅದು ಮೋಡಕ್ಕೆ ಹೋಗುವ ದಾರಿಯಂತೆ. ಅಕ್ಕ ಇಪ್ಪತ್ತು ಬೇಸಿಗೆ ಒಂದು ಫ್ಯಾನಿನಲ್ಲಿ ಕಳೆದಳು. ಅವಳು ಹೋದ ವಾರವೇ ಆ ಕೋಣೆಗೆ ಎ.ಸಿ. ಬಂತು. ಅದರ ಕರೆಂಟ್ ಬಿಲ್ಲು ದೂರವಾಣಿ ವೆಚ್ಚದಲ್ಲಿ ಬರುವುದಿಲ್ಲ. ಅದು ವಿದ್ಯುತ್ ವೆಚ್ಚ. ಅಳಿಯ ಅಲ್ಲ, ಮಗಳ ಗಂಡ.

ಎಪ್ಪತ್ತು ಪರ್ಸೆಂಟ್ ಉಳಿತಾಯದ ಗುಟ್ಟು ಅಲ್ಲಿಂದ ನನಗೆ ಬಿಚ್ಚಿಕೊಂಡಿತು.

ಮೊದಲು ಜಾಬರ್‌ಗಳಿಗೆ, ಸುಪರ್‌ವೈಜರ್‌ಗಳಿಗೆ, ಡಿಸ್ಪ್ಯಾಚಿನವರಿಗೆ ಕಂಪನಿ ಸಿಯುಜಿ ಸಿಮ್ ಕೊಟ್ಟಿತ್ತು. ಒಳಗೊಳಗೆ ಮಾತು ಪುಕ್ಕಟೆ, ಬಿಲ್ಲು ಕಂಪನಿಯದು. ಆ ಸಿಮ್‌ಗಳನ್ನು ವಾಪಸ್ ತೆಗೆದುಕೊಂಡರು. ಉಳಿತಾಯ ಎಂದು ಬರೆದುಕೊಂಡರು. ಮಾತು ನಿಂತಿತೇ? ದುಪ್ಪಟ್ಟಾಯಿತು. ನಮ್ಮ ನಮ್ಮ ಮೊಬೈಲಿನಲ್ಲಿ, ನಮ್ಮ ನಮ್ಮ ರೀಚಾರ್ಜಿನಲ್ಲಿ.

ನನ್ನ ಫೋನಿನಲ್ಲಿ ಈಗ ಕಂಪನಿಯ ಆರು ವಾಟ್ಸಾಪ್ ಗುಂಪುಗಳಿವೆ. ಪ್ರೊಡಕ್ಷನ್. ಕ್ವಾಲಿಟಿ. ಡಿಸ್ಪ್ಯಾಚ್ ಅರ್ಜೆಂಟ್. ಸ್ಟೋರ್ ಅಪ್‌ಡೇಟ್. ಸೇಫ್ಟಿ. ಆರನೆಯದರ ಹೆಸರು 'ಆಪಲಾ ಪರಿವಾರ', ನಮ್ಮ ಪರಿವಾರ. ಪರಿವಾರದಲ್ಲಿ ಮಾತಾಡುವ ಅಧಿಕಾರ ಅಡ್ಮಿನ್‌ಗೆ ಮಾತ್ರ. ಉಳಿದ ಐದರಲ್ಲಿ ಬಾರದ ನೂಲಿನ ಫೋಟೊ, ಹರಿದ ಟಾವೆಲಿನ ವಿಡಿಯೊ, ರಾತ್ರಿ ಹನ್ನೊಂದಕ್ಕೆ "ಅರ್ಜೆಂಟ್ ರಿಪ್ಲೈ ಮಾಡಿ". ಡೇಟಾ ನನ್ನದು. ನಿದ್ದೆಯೂ ನನ್ನದು.

ಹಾಜರಿಯೂ ಆ್ಯಪ್‌ನಲ್ಲಿ. ಗೇಟಿನ ಒಳಗೆ ನಿಂತು ಸೆಲ್ಫಿ ತೆಗೆದು ಕಳಿಸಬೇಕು. ಜಿಪಿಎಸ್ ನೋಡಿ ಆ್ಯಪ್ ಒಪ್ಪಬೇಕು. ರೇಂಜ್ ಸಿಗದೆ ಚಕ್ರ ತಿರುಗುತ್ತಲೇ ಇದ್ದರೆ? ತಡವಾಯಿತು. ಅರ್ಧ ದಿನ ಹೋಯಿತು. ದೇಹ ಗೇಟಿನಲ್ಲಿದೆ, ವಾಚ್‌ಮನ್ ನೋಡಿ ನಮಸ್ಕಾರ ಹೇಳಿದ್ದಾನೆ. ಆದರೂ ನಾನು ಬಂದಿಲ್ಲ. ಬೆಳಿಗ್ಗೆ ಏಳಕ್ಕೆ ನಮ್ಮ ಗೇಟಿನ ಮುಂದೆ ಬಂದು ನೋಡಿ. ನಲವತ್ತು ಮಂದಿ ಫೋನನ್ನು ಆಕಾಶಕ್ಕೆ ಎತ್ತಿ ನಿಂತಿರುತ್ತಾರೆ. ಹೊರಗಿನವರಿಗೆ ಸೂರ್ಯನಮಸ್ಕಾರದ ಹಾಗೆ ಕಾಣುತ್ತದೆ.

ಶೆಡ್ಡಿನ ಬಾಗಿಲ ಮೇಲೆ ದೊಡ್ಡ ಫಲಕ: ಒಳಗೆ ಮೊಬೈಲ್ ನಿಷಿದ್ಧ. ಸಿಕ್ಕಿದರೆ ದಂಡ. ಅದೇ ಬಾಗಿಲಿನ ಪಕ್ಕ, ಒಂದು ಮೊಳ ದೂರದಲ್ಲಿ, ಇನ್ನೊಂದು ಫಲಕ: ಸುರಕ್ಷತಾ ತರಬೇತಿಗೆ ನಿಮ್ಮ ಮೊಬೈಲಿನಲ್ಲಿ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಎರಡಕ್ಕೂ ಸಹಿ ಒಬ್ಬರದೇ. ಎರಡೂ ಫಲಕ ಬರೆದ ಪೇಂಟರ್ ಕೂಡ ನಕ್ಕಿರಬೇಕು.

ಈಗ ಸ್ಟೋರಿನವನ ಲೆಕ್ಕ ಕೇಳಿ.

2024ರ ಜುಲೈನಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದವು. 239ಕ್ಕೆ ಸಿಗುತ್ತಿದ್ದ ರೀಚಾರ್ಜು 299 ಆಯಿತು. 28 ದಿನಕ್ಕೆ. ತಿಂಗಳಿಗೆ ಎಂದು ಬಾಯಿ ತಪ್ಪಿ ಹೇಳಬೇಡಿ, ದೂರಸಂಪರ್ಕ ಪಂಚಾಂಗದಲ್ಲಿ ತಿಂಗಳು ಬೇರೆ. 28ರ ಲೆಕ್ಕದಲ್ಲಿ ವರ್ಷಕ್ಕೆ 13 ರೀಚಾರ್ಜು. ನಮ್ಮ ಹಿರಿಯರು ಅಧಿಕ ಮಾಸವನ್ನು ಮೂರು ವರ್ಷಕ್ಕೊಮ್ಮೆ ತಂದರು. ಇವರು ವರ್ಷ ವರ್ಷ ತರುತ್ತಾರೆ. ಸಂಬಳ ಮಾತ್ರ 12 ಸಲ. ಕನಿಷ್ಠ ಒಂದಾದರೂ 30 ದಿನದ ಪ್ಲ್ಯಾನ್ ಇಡಿ ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2022ರಲ್ಲಿ ಆದೇಶವನ್ನೇ ಹೊರಡಿಸಬೇಕಾಯಿತು. ತಿಂಗಳಿಗೆ ಮೂವತ್ತು ದಿನ ಎಂದು ಒಂದನೇ ಇಯತ್ತೆಯ ಹುಡುಗನಿಗೆ ಗೊತ್ತು. ಇವರಿಗೆ ಆದೇಶ ಬೇಕು.

299ನ್ನು ಹದಿಮೂರರಿಂದ ಗುಣಿಸಿ. 3,887. ಅದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಒಳಗೇ ಕೂತಿದೆ, ಪ್ರತಿ ರೀಚಾರ್ಜಿಗೆ 45 ರೂಪಾಯಿಗೂ ಮೇಲೆ. ಇಲ್ಲಿ ಒಂದು ಸೊಗಸು ನೋಡಿ. ಕಂಪನಿ ತನ್ನ ಫೋನ್ ಬಿಲ್ಲಿಗೆ ಕಟ್ಟಿದ ಜಿಎಸ್‌ಟಿಯನ್ನು ತನ್ನ ಬೇರೆ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಬಹುದು. ಕಾನೂನೇ ಕೊಟ್ಟ ಸವಲತ್ತು. ನಾನು ಕಟ್ಟಿದ 45 ರೂಪಾಯಿಯನ್ನು ಎಲ್ಲಿ ವಜಾ ಹಾಕಲಿ? ಹಾಲಿನವನ ಬಾಕಿಯಲ್ಲಿ ಹಾಕಿದರೆ ಅವನು ಒಪ್ಪುವುದಿಲ್ಲ. ಅಂದರೆ ಖರ್ಚು ತೆರಿಗೆ ವಾಪಸ್ ಬರುವ ಜೇಬಿನಿಂದ ಹೊರಟು ವಾಪಸ್ ಬಾರದ ಜೇಬಿಗೆ ಬಂದು ಕುಳಿತಿದೆ. ದೇಶದ ಒಟ್ಟು ಖರ್ಚು ಏರಿದೆ. ಬೋರ್ಡಿನಲ್ಲಿ ಬಾಣ ಇಳಿದಿದೆ.

ಇದನ್ನು ಅಕೌಂಟ್ಸಿನ ಹುಡುಗನಿಗೆ ಹೇಳಿದೆ. "ಕಾಕಾ, ನಿಮ್ಮ ಮೊಬೈಲ್ ನಮ್ಮ ಬುಕ್ಕಿನ್ಯಾಗ ಇಲ್ಲಲ್ರಿ," ಎಂದ. ನಿಜ. ನಾವು ಗ್ರೂಪಿನಲ್ಲಿದ್ದೇವೆ, ಬುಕ್ಕಿನಲ್ಲಿಲ್ಲ.

ಬುಕ್ಕಿನಲ್ಲಿ ಇರುವವರದೂ ನೋಡಿದೆ. ಸ್ಟೋರಿನವನಿಗೆ ಕಾಗದ ಕಾಣದಂತೆ ಮುಚ್ಚಿಡುವುದು ಕಷ್ಟ. ಸಣ್ಣ ಸಾಹೇಬರು ಜನವರಿಯಲ್ಲಿ ಜರ್ಮನಿಗೆ ಹೋಗಿದ್ದರು. ಫ್ರಾಂಕ್‌ಫರ್ಟಿನಲ್ಲಿ ವರ್ಷ ವರ್ಷ ಹೈಮ್‌ಟೆಕ್ಸ್ಟಿಲ್ ಎಂಬ ಜವಳಿ ಮೇಳ ನಡೆಯುತ್ತದೆ. ಟಾವೆಲ್ ಮಾರುವವರು ಹೋಗಲೇಬೇಕು, ಸರಿ. ಅಲ್ಲಿ ರೋಮಿಂಗ್ ಪ್ಯಾಕ್ ಹಾಕಿಸುವುದು ಮರೆತರು. ಕ್ರಿಕೆಟ್ ನೋಡುವುದು ಮರೆಯಲಿಲ್ಲ. ಒಂದು ವಾರದ ಆ ಬಿಲ್ಲು ಅಕ್ಕನ ಮೂರು ತಿಂಗಳ ಸಂಬಳಕ್ಕಿಂತ ದೊಡ್ಡದಿತ್ತು. ಅದು ದೂರವಾಣಿ ವೆಚ್ಚಕ್ಕೆ ಹೋಗಲಿಲ್ಲ. ಯಾವ ಖಾತೆಗೆ ಹೋಯಿತು ಗೊತ್ತೇ? ಮಾರುಕಟ್ಟೆ ವಿಸ್ತರಣೆ.

ಇನ್ನು ಜಾಲ ಸುಧಾರಣೆ.

ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಬರುವುದಿಲ್ಲ. ಇದು ಟವರಿನ ತಪ್ಪಲ್ಲ, ದೇವರ ತಪ್ಪೂ ಅಲ್ಲ. ಲೋಹದ ಹಾಳೆ ರೇಡಿಯೊ ಅಲೆಯನ್ನು ತಡೆಯುತ್ತದೆ. ಮೇಲೆ ತಗಡು, ಸುತ್ತ ತಗಡು, ನಡುವೆ ನಾವು ಮತ್ತು ಇನ್ನೂರು ಮಗ್ಗಗಳ ಕಬ್ಬಿಣ. ಊಟದ ಡಬ್ಬಿಯೊಳಗೆ ಕುಳಿತು ಹಲೋ ಎಂದ ಹಾಗೆ. ಅದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. 2019ರ ಕೊನೆಯಿಂದಲೇ ನಮ್ಮ ದೇಶದಲ್ಲಿ ವೈಫೈ ಕಾಲಿಂಗ್ ಬಂದಿದೆ. ಸಿಗ್ನಲ್ ಇಲ್ಲದಿದ್ದರೂ ವೈಫೈ ಇದ್ದರೆ ಸಾಮಾನ್ಯ ಕರೆಯೇ ಅದರ ಮೇಲೆ ಹೋಗುತ್ತದೆ, ಬರುತ್ತದೆ. ಪ್ರತ್ಯೇಕ ದುಡ್ಡಿಲ್ಲ. ಶೆಡ್ಡಿನ ನಾಲ್ಕು ಮೂಲೆಗೆ ನಾಲ್ಕು ವೈಫೈ ಡಬ್ಬಿ ಹಾಕಿದರೆ ಮುಗಿಯಿತು. ಎರಡನೆಯ ಪಿಆರ್‌ಐನ ಬಾಡಿಗೆ ಉಳಿದಿದೆಯಲ್ಲ, ಅದರಲ್ಲೇ ಆಗುತ್ತದೆ.

ಬರೆದುಕೊಟ್ಟೆ. ಉತ್ತರ ಬಂತು: ವೈಫೈ ಕೊಟ್ಟರೆ ಕಾಮಗಾರರು ರೀಲ್ಸ್ ನೋಡುತ್ತಾರೆ.

ಆ ಉತ್ತರ ಬರೆದವರ ಕ್ಯಾಬಿನ್ನಿನಲ್ಲಿ ವೈಫೈ ಇದೆ. ಅವರು ಏನು ನೋಡುತ್ತಾರೆ ಎಂದು ಚಹಾ ಕೊಡುವ ಹುಡುಗನನ್ನು ಕೇಳಿ.

ಎಂ.ಡಿ. ಸಾಹೇಬರ ಕೋಣೆಯಲ್ಲೂ ಸಿಗ್ನಲ್ ಕಡಿಮೆ ಇತ್ತು. ಒಂದೇ ವಾರದಲ್ಲಿ ಸರಿಹೋಯಿತು. ಆನ್‌ಲೈನಿನಲ್ಲಿ ಒಂದು ಬೂಸ್ಟರ್ ತರಿಸಿ ಕಿಟಕಿಗೆ ಬಿಗಿದರು. ಅನುಮತಿ ಇಲ್ಲದೆ ಅಂಥ ಬೂಸ್ಟರ್ ಇಡುವುದು ಈ ದೇಶದಲ್ಲಿ ಕಾನೂನಿಗೆ ವಿರುದ್ಧ. ಸುತ್ತಲಿನವರ ಸಿಗ್ನಲನ್ನೂ ಅದು ಕೆಡಿಸುತ್ತದೆ. ಕೆಡಿಸಿತು. ಗೇಟಿನ ಬೇವಿನ ಮರದ ಕೆಳಗೆ ಎರಡು ಕಡ್ಡಿ ಸಿಗ್ನಲ್ ಬರುತ್ತಿತ್ತು, ನಾವೆಲ್ಲ ಮನೆಗೆ ಅಲ್ಲಿಂದಲೇ ಮಾತಾಡುತ್ತಿದ್ದೆವು. ಈಗ ಅಲ್ಲೂ ಕರೆ ಮಧ್ಯದಲ್ಲೇ ಕಡಿಯುತ್ತದೆ. ಕಾಮಗಾರ ಶೆಡ್ಡಿನೊಳಗೆ ಫೋನ್ ತಂದರೆ ದಂಡ.

ಈ ಬುದ್ಧಿ ಚಿಂಚೋಳಿಯಲ್ಲೇ ಹುಟ್ಟಿದ್ದು ಎಂದುಕೊಳ್ಳಬೇಡಿ. ದೊಡ್ಡವರನ್ನು ನೋಡಿ ಕಲಿತದ್ದು. ಸರ್ಕಾರದ ಬಿಎಸ್‌ಎನ್‌ಎಲ್ ನಷ್ಟದಲ್ಲಿತ್ತು. ಖರ್ಚು ಇಳಿಸಬೇಕಿತ್ತು. 2020ರ ಜನವರಿ 31ರಂದು ಒಂದೇ ದಿನ 78,000ಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದು ಮನೆಗೆ ಹೋದರು. ಸಿಬ್ಬಂದಿಯಲ್ಲಿ ಹೆಚ್ಚುಕಡಿಮೆ ಅರ್ಧ. ಕಂಬ ಹತ್ತುವವನು, ಜಾಯಿಂಟ್ ಹಾಕುವವನು, ಲೈನು ಹಂಚುವ ಯಾವ ಡಿಪಿ ಪೆಟ್ಟಿಗೆ ಯಾವ ಓಣಿಯಲ್ಲಿದೆ ಎಂದು ಬಾಯಿಪಾಠ ಇದ್ದವನು, ಎಲ್ಲರೂ ಹೋದರು. ಸಂಬಳದ ಬಿಲ್ಲು ಇಳಿಯಿತು. ಜಾಲ? ಬೇರೆಯವರು ಈ ದೇಶದಲ್ಲಿ 4ಜಿ ಶುರು ಮಾಡಿದ್ದು 2012ರಲ್ಲಿ, 5ಜಿ 2022ರಲ್ಲಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು ಪ್ರಧಾನಿಯವರು ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ರಂದು, ಒಡಿಶಾದ ಝಾರ್ಸುಗುಡದಲ್ಲಿ. ಒಂದೇ ದಿನ 97,500ಕ್ಕೂ ಹೆಚ್ಚು ಟವರು. ಸಂತೋಷ. ಸ್ವದೇಶಿ ಎಂದರೆ ನನಗೂ ಅಭಿಮಾನ. ಹದಿಮೂರು ವರ್ಷ ತಡವಾಗಿ ಬಂದ ಅಳಿಯನಿಗೆ ಆರತಿ ಎತ್ತುವಾಗ ಮಾತ್ರ ಕೈ ಸ್ವಲ್ಪ ನಡುಗುತ್ತದೆ.

ಕೇಬಲ್ ಕಡಿಯುವುದಕ್ಕೂ ಪರಿಹಾರ ಬಂದಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಂದು ಆ್ಯಪ್ ಬಿಟ್ಟಿತು, 'ಕಾಲ್ ಬಿಫೋರ್ ಯು ಡಿಗ್'. ನೆಲ ಅಗೆಯುವ ಮೊದಲು ಅದರಲ್ಲಿ ತಿಳಿಸಬೇಕು, ಕೆಳಗೆ ಯಾರ ಕೇಬಲ್ ಇದೆಯೋ ಅವರಿಗೆ ಸುದ್ದಿ ಹೋಗುತ್ತದೆ. ಒಳ್ಳೆಯ ಯೋಚನೆ. ನಮ್ಮ ಕಡೆ ಜೆಸಿಬಿ ಬಂದಾಗ ಡ್ರೈವರನನ್ನು ಕೇಳಿದೆ. ಆ್ಯಪ್ ಗೊತ್ತಿಲ್ಲ ಎಂದ. ಗೊತ್ತಿದ್ದರೂ ಇಲ್ಲಿ ರೇಂಜ್ ಎಲ್ಲಿದೆ ಕಾಕಾ ಎಂದ.

ನಾನು ಹುಟ್ಟಿದ್ದು ಅಕ್ಕಲಕೋಟೆಯ ಗಡಿ ಹಳ್ಳಿಯಲ್ಲಿ. ಫೋನಿನ ಹೆಸರಿನಲ್ಲಿ ಜೇಬಿಗೆ ಕತ್ತರಿ ಬೀಳುವುದನ್ನು ನಾವು ಬೇಗ ಕಲಿತೆವು. ಎರಡು ರಾಜ್ಯಗಳ ಗಡಿ ತಕರಾರು ನೋಡಲು ಬಂದ ಮಹಾಜನ ಆಯೋಗ 1967ರಲ್ಲೇ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲಿ ಎಂದು ಬರೆಯಿತು. ವರದಿ ಇದ್ದಲ್ಲೇ ಇದೆ. 2004ರಿಂದ ಗಡಿ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಆದರೆ ಮೊಬೈಲ್ ಬಂದ ಮೇಲೆ ನಮ್ಮ ಹೊಲದಲ್ಲಿ ದಿನಕ್ಕೆ ಮೂರು ಸಲ ರಾಜ್ಯ ಪುನರ್‌ವಿಂಗಡಣೆ ನಡೆಯುತ್ತಿತ್ತು. ಬಾವಿಯ ಹತ್ತಿರ ನಿಂತರೆ ಮಹಾರಾಷ್ಟ್ರ ಸರ್ಕಲ್ಲು. ಬದು ದಾಟಿ ಜೋಳದೊಳಗೆ ಹೋದರೆ "ಕರ್ನಾಟಕಕ್ಕೆ ಸ್ವಾಗತ" ಎಂಬ ಮೆಸೇಜು, ಹಿಂದೆಯೇ ರೋಮಿಂಗ್ ಚಾರ್ಜು. ಆಳಂದದಲ್ಲಿ ಕೊಟ್ಟ ತಂಗಿಗೆ ಮಾತಾಡಿದರೆ ಎಸ್‌ಟಿಡಿ. ನಾಗಪುರದ ಅಪರಿಚಿತನಿಗೆ ಮಾತಾಡಿದರೆ ಅಗ್ಗ, ಅವನು ನಮ್ಮ ಸರ್ಕಲ್ಲಿನವನು. ಅಪ್ಪ ತಂಗಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ಸಲ ಬಡಿದರೆ ಕ್ಷೇಮ, ಎರಡು ಸಲ ಬಡಿದರೆ ಹೊರಟು ಬಾ. ದೂರಸಂಪರ್ಕ ವೆಚ್ಚ ತಗ್ಗಿಸಲು ಅವನಿಗೆ ಯಾವ ಕನ್ಸಲ್ಟಂಟೂ ಬೇಕಾಗಿರಲಿಲ್ಲ.

ಇನ್ನೂ ಹಿಂದೆ ಹೋದರೆ ಬೀಗದ ಕಾಲ. ಫೋನಿನ ಡಯಲಿನ ತೂತಿಗೆ ಸಣ್ಣ ಬೀಗ ಹಾಕಿ ಕೀಲಿಯನ್ನು ಮ್ಯಾನೇಜರ್ ಜನಿವಾರಕ್ಕೋ ಶಿವದಾರಕ್ಕೋ ಕಟ್ಟಿಕೊಂಡು ಓಡಾಡುತ್ತಿದ್ದರು. ಅದು ಆಗಿನ ವೆಚ್ಚ ನಿಯಂತ್ರಣ. ಬೀಗ ಬಿದ್ದ ಫೋನಿನಿಂದಲೇ ಹುಕ್ಕು ಬಡಿದು ನಂಬರ್ ಹಚ್ಚುವವರಿದ್ದರು. ಐದಕ್ಕೆ ಐದು ಏಟು, ಸೊನ್ನೆಗೆ ಹತ್ತು ಏಟು. ಲಯ ತಪ್ಪಿದರೆ ಬೇರೆ ಯಾರದೋ ಮನೆ. ಆಪರೇಟರ್ ಅಕ್ಕನಿಗೆ ಈ ವಿದ್ಯೆ ಕೈವಶವಾಗಿತ್ತು. ಅವಳ ಮೊದಲ ನೌಕರಿ ಅಂಥ ಬೀಗದ ಆಫೀಸಿನಲ್ಲಿ. ಆ ಮ್ಯಾನೇಜರ್ ಕೀಲಿಯನ್ನು ಮನೆಯಲ್ಲಿ ಮರೆತು ಬಂದ ದಿನ ಅವನಿಗೂ ಅವಳೇ ಹುಕ್ಕು ಬಡಿದು ಲೈನ್ ಹಚ್ಚಿಕೊಟ್ಟಿದ್ದಳಂತೆ.

ಮೊನ್ನೆ ಸಂಜೆ ಸೊಲ್ಲಾಪುರದಲ್ಲಿ ಅವಳ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು, ಮಾತಾಡಿಸೋಣ ಎಂದು. ಚಹಾ ಇಟ್ಟಳು. ಕುದಿಯುವುದರೊಳಗೆ ಫೋನ್ ಬಡಿಯಿತು. ಇಚಲಕರಂಜಿಯ ನೂಲಿನ ವ್ಯಾಪಾರಿ. "ಬಾಯಿ, ನಿಮ್ಮ ಫ್ಯಾಕ್ಟರಿಯವರು ಯಾರೂ ಎತ್ತುವುದಿಲ್ಲ, ಪೇಮೆಂಟಿಗೆ ಯಾರಿಗೆ ಕೇಳಲಿ?" ಅಕ್ಕ ನಂಬರ್ ಬಾಯಿಪಾಠ ಹೇಳಿದಳು. ಇಟ್ಟಳು. ಮತ್ತೆ ಬಡಿಯಿತು. ಲಾರಿ ಡ್ರೈವರ್, ತೆಲುಗು. ಯಾವ ಗೇಟಿಗೆ ಬರಬೇಕು ಎಂದು. ಹೇಳಿದಳು. ಮೂರನೆಯದು ರಾತ್ರಿ ಪಾಳಿಯ ಒಬ್ಬನ ತಾಯಿ. ಅಕ್ಕ ವಾಚ್‌ಮನ್ನಿನ ಸ್ವಂತ ಮೊಬೈಲಿಗೆ ಫೋನ್ ಹಚ್ಚಿ ಸುದ್ದಿ ಮುಟ್ಟಿಸಿದಳು.

"ದಿನಾ ಹಿಂಗೇನಕ್ಕಾ?" ಎಂದೆ.

"ಹೂಂ ಅಣ್ಣಾ. ಎಲ್ಲಾರ ಕಡೀನೂ ನನ್ನ ನಂಬರ್ ಅದ. ಎತ್ತಲಾರ್ದ ಹೆಂಗ ಇರ್ಲಿ?"

ಚಹಾ ಆರಿತ್ತು. ನಾಲ್ಕನೆಯ ಸಲ ಬಡಿದಾಗ ಅವಳು ಹೆಸರು ನೋಡಿ ಸೆರಗು ಸರಿಮಾಡಿಕೊಂಡಳು. ಎಂ.ಡಿ. ಸಾಹೇಬರು. ಜರ್ಮನಿಯ ಒಬ್ಬ ಗಿರಾಕಿಯ ಹಳೆಯ ನಂಬರ್ ಬೇಕಿತ್ತಂತೆ, ಹೊಸ ವ್ಯವಸ್ಥೆಯಲ್ಲಿ ಸಿಗುತ್ತಿಲ್ಲವಂತೆ. ಅಕ್ಕ ಎದ್ದು ಅಟ್ಟದ ಮೇಲಿನಿಂದ ರಟ್ಟು ಹರಿದ ರಿಜಿಸ್ಟರ್ ಇಳಿಸಿದಳು, ಪುಟ ತಿರುವಿದಳು, ಒಂದೊಂದೇ ಅಂಕಿ ಬಿಡಿಸಿ ಹೇಳಿದಳು. ಅವರು ವಾಟ್ಸಾಪಿನಲ್ಲೂ ಒಂದು ಫೋಟೊ ಹಾಕು ಎಂದರು.

"ರಾತ್ರಿ ಹನ್ನೆರಡಕ್ಕ ರೀಚಾರ್ಜ್ ಮುಗೀತದ್ರಿ ಸಾಹೇಬ್ರ," ಎಂದಳು ಅಕ್ಕ. "ಅದ್ರೊಳಗ ಹಾಕ್ತೀನಿ."